ರಟ್ಟಿನ ಗಿಟಾರು

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಸಂಗೀತ ವಾದ್ಯಗಳ ವಸ್ತುಸಂಗ್ರಹಾಲಯವೊಂದಿದೆ. ಅಲ್ಲಿರುವ ಗಿಟಾರುಗಳಲ್ಲಿ ಒಂದರ ಮೇಲುಹಲಗೆ ಮರದ್ದು. ಬೆನ್ನೂ ಪಕ್ಕಗಳೂ ರಟ್ಟಿನವು. ಅದನ್ನು ಮಾಡಿದವನು ಸೆವಿಲ್ ಪಟ್ಟಣದಲ್ಲಿದ್ದ ಒಬ್ಬ ಬಡಗಿ. ಮಾಡಿದ ವರ್ಷ 1862. ಮರಕ್ಕೆ ದುಡ್ಡಿಲ್ಲದೆ ಮಾಡಿದ್ದಲ್ಲ, ನೋಡುವವರನ್ನು ನಗಿಸಲೆಂದೂ ಅಲ್ಲ. ಗಿಟಾರಿನ ನಾದ ಹುಟ್ಟುವುದು ಅದರ ಯಾವ ಅಂಗದಲ್ಲಿ ಎಂಬ ಪ್ರಶ್ನೆಗೆ ಆತ ಒಂದು ಉತ್ತರ ಕಂಡುಕೊಂಡಿದ್ದ. ಅದನ್ನು ಸಾಧಿಸುವುದಕ್ಕೆ ವಿದ್ವಾಂಸನಾಗಿದ್ದರೆ ಪ್ರಬಂಧ ಬರೆಯುತ್ತಿದ್ದನೇನೋ. ಬಡಗಿಯಾದ್ದರಿಂದ ರಟ್ಟು ಕತ್ತರಿಸಿದ.

ಆ ಗಿಟಾರನ್ನು ನಾನು ಕಣ್ಣಾರೆ ಕಂಡವನಲ್ಲ. ಪುಸ್ತಕವೊಂದರಲ್ಲಿ ಅದರ ಚಿತ್ರವನ್ನು ನೋಡಿದೆನಷ್ಟೆ. ಗಿಟಾರು ನುಡಿಸುವುದಂತೂ ನನಗೆ ಬಾರದು. ಆದರೂ ಅಂದಿನಿಂದ ಅದನ್ನು ಮಾಡಿದ ಅಂತೋನಿಯೊ ದೆ ತೋರೆಸನ ಬಾಳು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಕಾರಣ ಹೇಳಬೇಕಾದರೆ ನಮ್ಮ ಮನೆಯ ಹಳೆಯ ಸಂಗತಿಯೊಂದನ್ನು ಮೊದಲು ಹೇಳಬೇಕು.

ನಮ್ಮ ಸೋದರತ್ತೆಯವರದೊಂದು ವೀಣೆಯಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಅದಕ್ಕೆ ಮೇಳ ಕಟ್ಟಲು ಒಬ್ಬ ವೃದ್ಧರು ಬರುತ್ತಿದ್ದರು. ಹಳೆಯ ಮೇಣವನ್ನು ಕೆರೆದು ತೆಗೆದು, ಕಾಡಿಗೆ ಬೆರೆಸಿದ ಹೊಸ ಮೇಣವನ್ನು ಕಾಯಿಸಿ ಹದಮಾಡಿ, ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಅದರಲ್ಲಿ ನೆಡುವರು. ಒಂದನ್ನು ನೆಟ್ಟು ತಂತಿ ಮೀಟಿ ಕೇಳುವರು, ಕೂದಲೆಳೆಯಷ್ಟು ಸರಿಸುವರು, ಮತ್ತೆ ಕೇಳುವರು. ಆಗ ನನಗೆ ಹತ್ತೋ ಹನ್ನೊಂದೋ ವಯಸ್ಸು, ಗಣಿತದಲ್ಲಿ ಬಹಳ ಅಭಿಮಾನ. ಅವರು ಎದ್ದುಹೋದ ಮೇಲೆ ಶಾಲೆಯ ಅಡಿಕೋಲು ತಂದು ಮೆಟ್ಟಿಲು ಮೆಟ್ಟಿಲಿನ ನಡುವಿನ ಅಂತರವನ್ನೆಲ್ಲ ಅಳೆದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಮುಂದಿನ ಸಲ ಈ ಕೆಲಸವನ್ನು ನಾನೇ ಮಾಡಿಬಿಡಬಹುದೆಂಬ ಧೈರ್ಯ. ಮುಂದಿನ ಸಲ ಅವರು ಬಂದಾಗ ಪುಸ್ತಕ ತೋರಿಸಿದೆ. ಅವರು ನಗಲಿಲ್ಲ, ಗದರಲಿಲ್ಲ. ತಾವು ಕಟ್ಟಿ ಮುಗಿಸಿದ ಮೇಲೆ ಇನ್ನೊಮ್ಮೆ ಅಳೆಯುವಂತೆ ಹೇಳಿದರು. ಅಳೆದೆ. ತಂತಿ ಹೊಸದು, ಕುದುರೆಯೂ ಒಂದಿಷ್ಟು ಸರಿದಿತ್ತು. ನನ್ನ ಅಂಕೆಗಳಲ್ಲಿ ಒಂದೂ ಕೂಡಿಬರಲಿಲ್ಲ. ವೀಣೆ ಮಾತ್ರ ಸರಿಯಾಗಿಯೇ ನುಡಿಯುತ್ತಿತ್ತು.

ತೋರೆಸನ ಕಥೆಯನ್ನು ನಾನು ಓದಿದ್ದು ಈ ಲೆಕ್ಕದ ಪುಸ್ತಕವನ್ನು ನೆನೆಯುತ್ತಲೇ. ಜೀವಮಾನವೆಲ್ಲ ಪಾಠ ಹೇಳಿ ನಿವೃತ್ತನಾದವನಿಗೆ, ಒಬ್ಬನ ಅರಿವು ಇನ್ನೊಬ್ಬನಿಗೆ ದಾಟುವುದು ಎಷ್ಟರಮಟ್ಟಿಗೆ ಎಂಬ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಅಂತೋನಿಯೊ ದೆ ತೋರೆಸ್ ಹುರಾದೊ ಹುಟ್ಟಿದ್ದು 1817ನೆಯ ಇಸವಿ ಜೂನ್ 13ರಂದು, ಸ್ಪೇನಿನ ಆಗ್ನೇಯ ಮೂಲೆಯ ಅಲ್ಮೇರಿಯಾ ಪಟ್ಟಣದ ಮಗ್ಗುಲಲ್ಲಿರುವ ಲಾ ಕನ್ಯಾದಾ ದೆ ಸಾನ್ ಉರ್ಬಾನೊ ಎಂಬ ಊರಿನಲ್ಲಿ. ಯುರೋಪಿನಲ್ಲೇ ಮಳೆ ಅತಿ ಕಡಿಮೆಯಾದ ಸೀಮೆಗಳಲ್ಲಿ ಅದೂ ಒಂದು. ತಂದೆ ತೆರಿಗೆ ವಸೂಲಿಯ ಕೆಲಸದವನು. ಮಗನನ್ನು ಹನ್ನೆರಡನೆಯ ವಯಸ್ಸಿಗೆ ಬಡಗಿಯ ಬಳಿ ಕೆಲಸ ಕಲಿಯಲು ಬಿಟ್ಟರು. 1833ರಲ್ಲಿ ದೊರೆ ಏಳನೆಯ ಫರ್ಡಿನೆಂಡ್ ತೀರಿಕೊಂಡು, ಪಟ್ಟ ಮಗಳಿಗೋ ತಮ್ಮನಿಗೋ ಎಂದು ಅಂತರ್ಯುದ್ಧ ಹೊತ್ತಿಕೊಂಡಿತು. ಹುಡುಗನಿಗೆ ಸೇನೆಯ ಕರೆ ಬಂತು. ತಂದೆ ಹೇಗೋ ಪ್ರಯತ್ನಪಟ್ಟು, ದೇಹಸ್ಥಿತಿ ಸಾಲದೆಂಬ ನೆಪದಲ್ಲಿ ಬಿಡಿಸಿಕೊಂಡನು. ಮದುವೆಯಾದವರಿಗೆ ಸೇನೆಯ ಕಾಟವಿಲ್ಲವಾಗಿ, 1835ರಲ್ಲಿ ಅವಸರದಿಂದ ಒಂದು ಲಗ್ನವನ್ನೂ ಮಾಡಿಬಿಟ್ಟರು. ಹುಡುಗನಿಗೆ ಹದಿನೆಂಟು, ಹುಡುಗಿಗೆ ಹದಿಮೂರು. ಅವಳು ಅಂಗಡಿಕಾರನೊಬ್ಬನ ಮಗಳು, ಹ್ವಾನಾ ಮರಿಯಾ.

ಯುದ್ಧದಿಂದ ತಪ್ಪಿಸಿಕೊಂಡವನು ಮನೆಯಲ್ಲಿ ಸುಖವನ್ನೇನೂ ಕಾಣಲಿಲ್ಲ. ಮೂರು ಹೆಣ್ಣುಮಕ್ಕಳಲ್ಲಿ ಕಿರಿಯರಿಬ್ಬರೂ ಹೋದರು. 1845ರಲ್ಲಿ ಹೆಂಡತಿ ಕ್ಷಯದಿಂದ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಆ ದಿನಗಳಲ್ಲಿ ತೋರೆಸನ ಹೆಸರು ದಾಖಲೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಸಾಲಗಾರನಾಗಿ. ಸಾವು, ಸಾಲ, ಮರಗೆಲಸ ಇಷ್ಟೇ ಅವನ ಮೊದಲ ಮೂವತ್ತು ವರ್ಷಗಳ ಇತಿಹಾಸವೆಂದರೆ ಹೆಚ್ಚು ತಪ್ಪಾಗದು.

ಗಿಟಾರಿನ ವಿದ್ಯೆಯನ್ನು ಅವನಿಗೆ ಕಲಿಸಿದವರು ಯಾರು? ಗ್ರನಾಡದಲ್ಲಿ ಹೊಸೆ ಪೆರ್ನಾಸ್ ಎಂಬ ಕುಶಲಿಯ ಕಮ್ಮಟದಲ್ಲಿ ಕೆಲಕಾಲ ದುಡಿದನೆಂದು ಕೆಲವರು ಹೇಳುತ್ತಾರೆ. ಅದನ್ನು ಒಪ್ಪದ ವಿದ್ವಾಂಸರೂ ಉಂಟು. ಏನೇ ಇರಲಿ, ಕ್ರಮವಾಗಿ ಗುರುವಿನ ಮುಂದೆ ಕುಳಿತು ವರ್ಷಗಟ್ಟಲೆ ಅಭ್ಯಾಸ ಮಾಡಿದ ವಾದ್ಯಕಾರನಲ್ಲ ಅವನು. ಮರವನ್ನು ಬಲ್ಲವನು, ಅಷ್ಟರಿಂದಲೇ ನಾದಕ್ಕೆ ದಾರಿ ಹುಡುಕಿಕೊಂಡವನು. ಸೆವಿಲ್ ಪಟ್ಟಣಕ್ಕೆ ಬಂದು ಬೀಗಗಾರರ ಬೀದಿಯೆಂಬರ್ಥದ ಹೆಸರಿನ ಓಣಿಯ ಏಳನೆಯ ಸಂಖ್ಯೆಯ ಮಳಿಗೆಯಲ್ಲಿ, ಮಾನ್ವೆಲ್ ಸೋತೊ ಎಂಬ ಇನ್ನೊಬ್ಬ ಗಿಟಾರುಗಾರನೊಡನೆ ಜಾಗ ಹಂಚಿಕೊಂಡು ಕೆಲಸಕ್ಕೆ ಕುಳಿತನು. ಮರಗೆಲಸದ ನಡುನಡುವೆ ಮಾಡುತ್ತಿದ್ದ ಗಿಟಾರುಗಳಲ್ಲಿ ಒಂದಿಷ್ಟು ವಿಶೇಷವಿದೆಯೆಂದು ಗುರುತಿಸಿದವನು ಹೂಲಿಯಾನ್ ಆರ್ಕಾಸ್. ಇವನೂ ಅಲ್ಮೇರಿಯಾ ಪ್ರಾಂತದವನೇ, ಅಂದಿನ ಹೆಸರಾಂತ ವಾದಕ, ತೋರೆಸನಿಗಿಂತ ಹದಿನೈದು ವರ್ಷ ಚಿಕ್ಕವನು. ಇದನ್ನೇ ವೃತ್ತಿಯಾಗಿ ಹಿಡಿ ಎಂದು ಅವನು ಪ್ರೇರಿಸಿದನು. ಬಡಗಿಯ ಕೈಗೆ ವಾದಕನ ಕಿವಿ ಹೀಗೆ ಕೂಡಿಬಂತು. ಅಷ್ಟರಲ್ಲಿ ತೋರೆಸನಿಗೆ ಮೂವತ್ತೈದು ದಾಟಿತ್ತು.

ಆ ಕಾಲದ ಗಿಟಾರು ಎಂಥದೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಈಗ ನಾವು ಕಾಣುವ ವಾದ್ಯಕ್ಕಿಂತ ಅದು ಕಿರಿದು, ಸೊಂಟ ಸಣ್ಣದು, ದನಿಯೂ ಸಣ್ಣದು. ಫರ್ನಾಂದೊ ಸೋರ್‌ನಂಥ ಮಹಾವಾದಕರು ಪ್ಯಾರಿಸ್, ಲಂಡನ್ನುಗಳ ದಿವಾನಖಾನೆಗಳಲ್ಲಿ ಅದನ್ನು ನುಡಿಸಿ ಮೆಚ್ಚಿಸಿದ್ದು ನಿಜ. ಆದರೆ ಪಿಯಾನೊ ಬಂದು, ಸಭಾಮಂದಿರಗಳು ಹಿಗ್ಗಿದ ಮೇಲೆ, ಗಿಟಾರು ಹಿಂದಿನ ಸಾಲಿನವರಿಗೆ ಕೇಳಿಸದಾಯಿತು. ಹೋಟೆಲು, ಕುಣಿತ, ಬೀದಿಯ ಹಾಡುಗಳ ಪಾಲಿಗೆ ಇಳಿಯಿತು. ಗಿಟಾರಿನ ಹಣೆಬರಹ ಇಷ್ಟೆಯೇ ಎಂದು ಬಲ್ಲವರೇ ಅಂದುಕೊಂಡಿದ್ದ ಹೊತ್ತು ಅದು.

ತೋರೆಸನು ಹಿಡಿದ ದಾರಿ ಹೀಗೆ. ತಂತಿ ತಾನಾಗಿ ಮಾಡುವ ಸದ್ದು ಅತ್ಯಲ್ಪ. ಅದರ ನಡುಕವನ್ನು ಕುದುರೆಯ ಮೂಲಕ ಪಡೆದು ಗಾಳಿಗೆ ಕೊಡುವುದು ಮೇಲುಹಲಗೆ. ಹಲಗೆ ದಪ್ಪವಾದರೆ ನಡುಗದು. ತೆಳುವಾದರೆ ತಂತಿಗಳ ಎಳೆತಕ್ಕೆ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಈ ಕಾಲದ ನೈಲಾನ್ ತಂತಿಗಳು ಆರೂ ಸೇರಿ ಎಳೆಯುವ ಭಾರ ಸುಮಾರು 40 ಕಿಲೋಗ್ರಾಂ ಎಂದರೆ, ಹಲಗೆಯ ಪಾಡನ್ನು ಊಹಿಸಬಹುದು. ತೋರೆಸನು ಸ್ಪ್ರೂಸ್ ಮರದ ಹಲಗೆಯನ್ನು ಎರಡು ಮಿಲಿಮೀಟರಿನ ಆಸುಪಾಸಿಗೆ, ಅಂಚಿನಲ್ಲಿ ಇನ್ನೂ ತೆಳುವಾಗಿ ಹೆರೆದನು. ಅದಕ್ಕೆ ಕಂಡೂ ಕಾಣದ ಉಬ್ಬನ್ನು ಕೊಟ್ಟನು. ಒಳಮೈಗೆ, ನಾದರಂಧ್ರದ ಕೆಳಗಿನಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡುವ, ಹೆಚ್ಚಾಗಿ ಏಳು ಸಣ್ಣ ಪಟ್ಟಿಗಳನ್ನು ಅಂಟಿಸಿದನು. ಒಡಲನ್ನು ಅಗಲಿಸಿದನು. ತಂತಿಯ ಮಿಡಿಯುವ ಉದ್ದ 650 ಮಿಲಿಮೀಟರು ಎಂಬುದು ಅವನ ಕೈಯಲ್ಲಿ ನೆಲೆಗೊಂಡಿತು; ಇಂದಿಗೂ ಅದೇ ವಾಡಿಕೆಯ ಅಳತೆ.

ಇವನನ್ನು ಗಿಟಾರಿನ ಸ್ಟ್ರಾಡಿವೇರಿಯಸ್ ಎಂದು ಕರೆಯುವವರಿದ್ದಾರೆ. ನನಗೆ ಆ ಹೋಲಿಕೆ ರುಚಿಸದು. ಒಬ್ಬ ಬಡವನನ್ನು ದೊಡ್ಡವನೆನ್ನಲು ಇನ್ನೊಬ್ಬನ ಹೆಸರಿನ ಸಾಲ ಬೇಕಾಗಿಲ್ಲ. ಬೀಸಣಿಗೆಯ ಪಟ್ಟಿಗಳನ್ನು ಕಂಡುಹಿಡಿದವನೇ ಇವನೆಂದು ಬರೆಯುವವರೂ ಇದ್ದಾರೆ, ಅದು ತಪ್ಪು. ಸೆವಿಲ್ಲಿನ ಸಾಂಗಿನೊ, ಕಾದಿಸ್ ಪಟ್ಟಣದ ಪಾಹೆಸ್, ಬೆನೆದಿದ್ ಮೊದಲಾದವರು ಹದಿನೆಂಟನೆಯ ಶತಮಾನದಲ್ಲೇ ಅದನ್ನು ಬಲ್ಲವರು. ಅಗಲವೋ ತೆಳುವೋ ಉಬ್ಬೋ, ಒಂದೊಂದನ್ನೂ ಅವನಿಗಿಂತ ಮುಂಚೆ ಯಾರಾದರೊಬ್ಬರು ಮಾಡಿ ನೋಡಿದ್ದರು. ಎಲ್ಲವನ್ನೂ ಒಂದು ಒಡಲಿನಲ್ಲಿ ಒಂದಕ್ಕೊಂದು ಹೊಂದುವಂತೆ ಕೂಡಿಸಿದವನು ಮಾತ್ರ ಇವನು. ನಮ್ಮ ಅಡಿಗೆಯವರು ಇದನ್ನು ಸುಲಭವಾಗಿ ಒಪ್ಪುವರು. ಉಪ್ಪು, ಹುಳಿ, ಖಾರ ಎಲ್ಲರ ಮನೆಯಲ್ಲೂ ಉಂಟಷ್ಟೆ.

1858ರಲ್ಲಿ ಸೆವಿಲ್ಲಿನ ವಸ್ತುಪ್ರದರ್ಶನದಲ್ಲಿ ಅವನ ಗಿಟಾರಿಗೆ ಕಂಚಿನ ಪದಕ ದೊರೆಯಿತು. ಬಲು ಅಲಂಕಾರದ ಗಿಟಾರು ಅದು, ಮೈತುಂಬ ಕೆತ್ತು ಕೂಡಿಸಿದ ಚಿತ್ತಾರ. ಅದಾದ ನಾಲ್ಕೇ ವರ್ಷಕ್ಕೆ ಈ ರಟ್ಟಿನ ಗಿಟಾರು. ಪದಕ ತಂದ ಬೆಡಗಿಗೂ ನಾದಕ್ಕೂ ಸಂಬಂಧವಿಲ್ಲವೆಂದು ಅವನೇ ಸಾರಿದಂತಾಯಿತು. ಬೆನ್ನು ಪಕ್ಕಗಳಿಗೆ ಎಂಥ ಮರವನ್ನಾದರೂ ಹಾಕಿ, ಅಥವಾ ಮರವನ್ನೇ ಹಾಕದಿರಿ, ನುಡಿಯುವುದು ಮೇಲುಹಲಗೆ. ಇದು ಪೂರಾ ಸತ್ಯವಲ್ಲ, ಬೆನ್ನಿನ ಮರವೂ ನಾದದ ಬಣ್ಣವನ್ನು ಕೊಂಚ ಬದಲಿಸುತ್ತದೆ. ತೋರೆಸನು ಕೂಡ ಬೇರೆ ಗಿಟಾರುಗಳಿಗೆ ಒಳ್ಳೆಯ ಮರವನ್ನು ಆರಿಸಿ ತರುತ್ತಿದ್ದವನೇ. ಈ ಸಂದರ್ಭದಲ್ಲಿ ನಮ್ಮವರು ತಿಳಿಯಬೇಕಾದ ಒಂದು ಮಾತುಂಟು. ಬ್ರೆಜಿಲ್ಲಿನ ಕರಿಮರದ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ, ಜಗತ್ತಿನ ಒಳ್ಳೆಯ ಗಿಟಾರುಗಳ ಬೆನ್ನು ಪಕ್ಕಗಳಿಗೆ ಬಹುವಾಗಿ ಸಲ್ಲುತ್ತಿರುವುದು ದಕ್ಷಿಣ ಭಾರತದ ಬೀಟೆ. ನಮ್ಮ ಮಲೆನಾಡಿನ, ಕೊಡಗಿನ ಕಾಡುಗಳಲ್ಲಿ ಬೆಳೆಯುವ ಅದೇ ಬೀಟೆ. ನಮಗೆ ಹೆಮ್ಮೆಯಾಗುವುದು ಸಹಜ. ರಟ್ಟಿನ ಗಿಟಾರನ್ನು ನೆನೆದಾಗ ಆ ಹೆಮ್ಮೆ ಸ್ವಲ್ಪ ತಗ್ಗುವುದೂ ಸಹಜ.

1868ರಲ್ಲಿ ತೋರೆಸನು ಹೊಸೆಫಾ ಎಂಬವಳನ್ನು ಮದುವೆಯಾದನು. ಅದಾದ ಸ್ವಲ್ಪಕಾಲಕ್ಕೆ ಹದಿನೇಳರ ಹುಡುಗನೊಬ್ಬ ಅವನ ಮಳಿಗೆಗೆ ಬಂದನು. ಆರ್ಕಾಸನ ಗಿಟಾರನ್ನು ಮಾಡಿದವನ ಕೈಯಲ್ಲೇ ತನಗೂ ಒಂದು ಬೇಕೆಂದು ಬಾರ್ಸಿಲೋನಾದಿಂದ ಬಂದಿದ್ದನು. ತೋರೆಸನು ಮಾರಲಿಟ್ಟಿದ್ದವುಗಳಲ್ಲಿ ಸಾಧಾರಣವಾದ ಒಂದನ್ನು ಅವನ ಕೈಗೆ ಕೊಟ್ಟನು. ಹುಡುಗ ನುಡಿಸಿದನು. ತೋರೆಸನು ಅದನ್ನು ಹಿಂದಕ್ಕೆ ಪಡೆದು, ಒಳಗೆ ಹೋಗಿ, ಕೆಲವು ವರ್ಷಗಳ ಹಿಂದೆ 1864ರಲ್ಲಿ ತನಗೆಂದೇ ಮಾಡಿಕೊಂಡಿದ್ದ ಗಿಟಾರನ್ನು ತಂದುಕೊಟ್ಟನೆಂದು ಹೇಳುತ್ತಾರೆ. ಆ ಹುಡುಗ ಫ್ರಾನ್ಸಿಸ್ಕೊ ತಾರೆಗ. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ 1852ರಲ್ಲೇ ಹುಟ್ಟಿದವನು. ಗಿಟಾರನ್ನು ಮತ್ತೆ ಸಭೆಗೆ ತಂದು ಕೂರಿಸಿದ ಪುಣ್ಯಾತ್ಮ ಅವನೇ. ಅವನ ಹೆಸರು ತಿಳಿಯದವರಿಗೂ ಅವನ ಒಂದು ತುಣುಕು ತಿಳಿದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಸಂತೆಗಳಲ್ಲಿ, ಬಸ್ಸುಗಳಲ್ಲಿ ನೋಕಿಯಾ ದೂರವಾಣಿಗಳು ಹಾಡುತ್ತಿದ್ದ ಆ ನಾಲ್ಕು ಸ್ವರಗುಚ್ಛಗಳು ಅವನು ಕಟ್ಟಿದ ವಾಲ್ಟ್ಸ್ ಒಂದರಿಂದ ಎತ್ತಿಕೊಂಡವು.

ಇಷ್ಟು ಹೊತ್ತಿಗೆ ಕಥೆ ಮೇಲೇರಬೇಕು. ಏರಲಿಲ್ಲ. 1870ರಲ್ಲಿ ತೋರೆಸನು ಸೆವಿಲ್ಲಿನ ಕಮ್ಮಟವನ್ನು ಮುಚ್ಚಿ, ಹೆಂಡತಿಯೊಡನೆ ಅಲ್ಮೇರಿಯಾಕ್ಕೆ ಹಿಂದಿರುಗಿ, ಪಿಂಗಾಣಿ ಮತ್ತು ಗಾಜಿನ ಸಾಮಾನಿನ ಅಂಗಡಿ ತೆರೆದನು. ಐವತ್ತಮೂರು ವಯಸ್ಸು, ಕೈ ಪಳಗಿ ಪರಾಕಾಷ್ಠೆಗೆ ಬಂದಿದ್ದ ಕಾಲ. ಅವನ ಬಗ್ಗೆ ಬರೆದವರಲ್ಲಿ ಅನೇಕರು ಈ ಘಟ್ಟವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಮಾತ್ರ ಇಲ್ಲಿ ನಿಲ್ಲಬೇಕೆನಿಸುತ್ತದೆ. ಪದಕ ಬಂದಿದೆ, ದೇಶದ ದೊಡ್ಡ ವಾದಕರು ಬಂದು ಬಾಗಿಲು ತಟ್ಟಿದ್ದಾರೆ. ಆದರೂ ಗಿಟಾರು ಮಾಡಿ ಬಾಳು ನಡೆಸುವುದಕ್ಕಿಂತ ಬಟ್ಟಲು ತಟ್ಟೆ ಮಾರಿ ನಡೆಸುವುದು ಮೇಲೆಂದು ಒಬ್ಬ ಗೃಹಸ್ಥನಿಗೆ ತೋರಿತು. ಇದರಲ್ಲಿ ಕಲೆಗೆ ಅವಮಾನವಾಯಿತೆಂದು ಮರುಗುವವರು ಮೊದಲು ಎರಡು ಮಕ್ಕಳನ್ನೂ ಹೆಂಡತಿಯನ್ನೂ ಮಣ್ಣುಮಾಡಿದ ಸಾಲಗಾರನ ಜಾಗದಲ್ಲಿ ನಿಂತು ನೋಡಲಿ. ಅಂಗಡಿಯಲ್ಲಿ ಕುಳಿತವನ ಕೈ ಸುಮ್ಮನಿತ್ತೆ? ನಮ್ಮಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಕೇಳುವಂತೆ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವನು ಒಂದೊಂದು ಬಟ್ಟಲನ್ನೂ ತಟ್ಟಿ ಕೇಳಿರಬಹುದೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಇದು ನನ್ನ ಕಲ್ಪನೆ ಮಾತ್ರ, ಚರಿತ್ರೆಯಲ್ಲ.

ಚರಿತ್ರೆ ಹೇಳುವುದಿಷ್ಟು: ಐದು ವರ್ಷದ ಮೇಲೆ, 1875ರ ಸುಮಾರಿಗೆ, ಅಂಗಡಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವನು ಮತ್ತೆ ಉಳಿ ಹಿಡಿದನು. ಆಮೇಲಿನ ಗಿಟಾರುಗಳ ಒಳಗೆ ಅಂಟಿಸಿದ ಚೀಟಿಗಳಲ್ಲಿ ಎರಡನೆಯ ಕಾಲ ಎಂದು ಅಚ್ಚುಹಾಕಿಸಿದನು. ಬಿಟ್ಟದ್ದನ್ನು ಮುಚ್ಚಿಡಲಿಲ್ಲ, ನಡುವೆ ಒಂದು ಕಂದಕವಿದೆ ಎಂಬುದನ್ನು ತನ್ನ ಹೆಸರಿನ ಪಕ್ಕದಲ್ಲೇ ಬರೆದುಕೊಂಡನು. 1883ರಲ್ಲಿ ಹೊಸೆಫಾಳೂ ತೀರಿಕೊಂಡಳು. ಅಲ್ಲಿಂದ ಮುಂದೆ ಅವನಿಗೆ ಉಳಿದದ್ದು ಗಿಟಾರು ಒಂದೇ. ಅರವತ್ತಾರು ದಾಟಿದ ಮುದುಕ ವರ್ಷಕ್ಕೆ ಹನ್ನೆರಡರಂತೆ, ತಿಂಗಳಿಗೊಂದರಂತೆ, ಕೊನೆಯವರೆಗೂ ಮಾಡುತ್ತ ಹೋದನು. ಎಲ್ಲ ಸೇರಿ ಸುಮಾರು 320 ಗಿಟಾರುಗಳನ್ನು ಮಾಡಿರಬೇಕೆಂದು ಅಂದಾಜು. ಇಂದು ಗೊತ್ತಿರುವವು ಅದರ ಮೂರನೆಯ ಒಂದು ಪಾಲೂ ಇಲ್ಲ.

ಈ ಅಂದಾಜನ್ನು ಮಾಡಿದವನೂ ಒಬ್ಬ ಬಡಗಿಯೇ. ಮ್ಯಾಡ್ರಿಡ್ಡಿನಲ್ಲಿ 1932ರಲ್ಲಿ ಹುಟ್ಟಿದ ಹೊಸೆ ಲೂಯಿಸ್ ರೊಮಾನಿಯೋಸ್ ಹುಡುಗನಾಗಿದ್ದಾಗ ಪೀಠೋಪಕರಣದ ಕೆಲಸ ಕಲಿತು, 1956ರಲ್ಲಿ ಇಂಗ್ಲೆಂಡಿಗೆ ಹೋದನು. ಅಲ್ಲಿ ಯಾರ ಪಾಠವೂ ಇಲ್ಲದೆ ತಾನೇ ಗಿಟಾರು ಮಾಡಲು ಕಲಿತನು. 1973ರಲ್ಲಿ ಅವನು ಮಾಡಿದ ಗಿಟಾರನ್ನು ಜೂಲಿಯನ್ ಬ್ರೀಮ್‌ನಂಥ ವಾದಕ ಕೈಗೆತ್ತಿಕೊಂಡನು. ಆ ಮೇಲೆ ಈ ರೊಮಾನಿಯೋಸ್ ತೋರೆಸನ ಗಿಟಾರುಗಳನ್ನು ಹುಡುಕಿ, ಅಳೆದು, ದಾಖಲೆಗಳನ್ನು ಶೋಧಿಸಿ, 1987ರಲ್ಲಿ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದನು, 2022ರಲ್ಲಿ ತೀರಿಕೊಂಡನು. ಒಬ್ಬ ಕೈಗೆಲಸದವನ ಚರಿತ್ರೆಯನ್ನು ಬರೆಯಲು ಇನ್ನೊಬ್ಬ ಕೈಗೆಲಸದವನೇ ಬರಬೇಕಾಯಿತು; ನಮ್ಮ ಶಿಲ್ಪಿಗಳಿಗೆ, ವೀಣೆ ತಂಬೂರಿ ಮಾಡಿದವರಿಗೆ ಅಂಥ ಭಾಗ್ಯ ಒದಗಿಲ್ಲವಲ್ಲ ಎಂದು ಓದುವಾಗ ಹೊಟ್ಟೆಕಿಚ್ಚಾಯಿತು. ಇವನಿಗಿಂತ ಮುಂಚೆಯೇ ಜರ್ಮನಿಯ ಹೆರ್ಮನ್ ಹೌಸರ್ ಮೊದಲಾದ ದೊಡ್ಡ ಕುಶಲಿಗಳು ತೋರೆಸನ ಮಾದರಿಯನ್ನು ಹಿಡಿದಿದ್ದರು. ಈಗಂತೂ ಅವನ ಹಲಗೆಗಳ ದಪ್ಪ, ಪಟ್ಟಿಗಳ ಕೋನ, ಉಬ್ಬಿನ ಎತ್ತರ ಎಲ್ಲವೂ ನಕ್ಷೆಗಳಾಗಿ ಯಾರಿಗೆ ಬೇಕಾದರೂ ಸಿಗುತ್ತವೆ. ನನ್ನ ಲೆಕ್ಕದ ಪುಸ್ತಕಕ್ಕಿಂತ ಎಷ್ಟೋ ಪಾಲು ನಿಷ್ಕೃಷ್ಟವಾದ ಅಳತೆಗಳು ಅವು. ಹಾಗಿದ್ದೂ ಅದೇ ಅಳತೆಯ ಹತ್ತು ಗಿಟಾರುಗಳು ಹತ್ತು ಬಗೆಯಾಗಿ ನುಡಿಯುತ್ತವೆ. ಏಕೆಂದರೆ ಒಂದೇ ಮರದಿಂದ ಸೀಳಿದ ಎರಡು ಹಲಗೆಗಳೂ ಒಂದೇ ಆಗಿರುವುದಿಲ್ಲ. ಒಂದು ಬಿಗಿ, ಒಂದು ಸಡಿಲು. ತೋರೆಸನ ಅಳತೆ ತೋರೆಸನ ಹಲಗೆಗೆ ಸರಿ.

ಅವನ ಕೊನೆಯ ವರ್ಷಗಳಲ್ಲಿ ಹ್ವಾನ್ ಮಾರ್ತಿನೆಸ್ ಸಿರ್ವೆಂತ್ ಎಂಬ ತರುಣ ಪಾದ್ರಿ ಆಪ್ತನಾಗಿದ್ದನು. ಮುದುಕನ ಕೈ ಸೋತಲ್ಲಿ ತನ್ನ ಕೈ ಕೊಟ್ಟು ಸಹಾಯ ಮಾಡುತ್ತಿದ್ದವನು. ತೋರೆಸನು ತೀರಿಕೊಂಡು ಹೆಚ್ಚುಕಡಿಮೆ ನಲವತ್ತು ವರ್ಷ ಕಳೆದ ಮೇಲೆ, 1931ರಲ್ಲಿ, ಈ ಪಾದ್ರಿ ಒಂದು ಕಾಗದದಲ್ಲಿ ಹಳೆಯ ನೆನಪನ್ನು ದಾಖಲಿಸಿದ್ದಾನೆ. ಒಂದು ಔತಣದಲ್ಲಿ ಗಣ್ಯರೊಬ್ಬರು ತೋರೆಸನನ್ನು, ನಿನ್ನ ಗುಟ್ಟನ್ನು ಗೋರಿಗೆ ಒಯ್ಯಬೇಡ, ಲೋಕಕ್ಕೆ ಬಿಟ್ಟುಹೋಗು ಎಂಬರ್ಥದಲ್ಲಿ ಕೇಳಿದರಂತೆ. ತೋರೆಸನಿಗೆ ಆ ಮಾತು ಹಿಡಿಸಲಿಲ್ಲ. ತಿಳಿದವರೂ ಇಂಥ ಬೀದಿಮಾತನ್ನು ನಂಬುವರಲ್ಲ ಎಂದು ನೊಂದನು. ತಾನು ಮುಚ್ಚಿಟ್ಟದ್ದೇನೂ ಇಲ್ಲ, ಕೆಲಸ ಮಾಡುವಾಗ ಈ ಹುಡುಗನೇ ಎಷ್ಟೋ ಸಲ ಪಕ್ಕದಲ್ಲಿದ್ದು ಎಲ್ಲವನ್ನೂ ನೋಡಿದ್ದಾನೆ ಎಂದನು. ಆದರೂ ಅದು ತನ್ನೊಡನೆ ಮಣ್ಣಿಗೇ ಹೋಗುವುದು, ಬಿಟ್ಟುಹೋಗಲು ತನಗೆ ಸಾಧ್ಯವಿಲ್ಲ ಎಂದನು. ಹೆಬ್ಬೆರಳು ತೋರುಬೆರಳುಗಳ ತುದಿಗಳು ಹಲಗೆಯನ್ನು ಹಿಡಿದು ನೋಡಿ, ಇದು ಬೇಕಾದ ನಾದಕ್ಕೆ ಹದವಾಗಿದೆಯೋ ಇಲ್ಲವೋ ಎಂದು ಬುದ್ಧಿಗೆ ತಿಳಿಸುತ್ತವೆ, ಗುಟ್ಟು ಎಂದರೆ ಅಷ್ಟೆ.

ಈ ಪ್ರಸಂಗವನ್ನು ಮೊದಲ ಸಲ ಓದಿದಾಗ ನನಗೆ ಖೇದವಾಯಿತು. ಎರಡನೆಯ ಸಲ ಓದಿದಾಗ ಮನಸ್ಸು ಆ ಪಾದ್ರಿಯ ಕಡೆಗೆ ಹರಿಯಿತು. ಎಲ್ಲವನ್ನೂ ಕಣ್ಣಾರೆ ಕಂಡವನು ಅವನು. ಅಂಟು ಕಾಯಿಸಿದ್ದಾನೆ, ಪಟ್ಟಿ ಒತ್ತಿಹಿಡಿದಿದ್ದಾನೆ, ಮುದುಕ ಹಲಗೆಯನ್ನು ಬೆಳಕಿಗೆ ಹಿಡಿದು ಎರಡು ಬೆರಳ ನಡುವೆ ಮಣಿಸುವುದನ್ನು ನೋಡಿದ್ದಾನೆ. ಗುರು ಏನನ್ನೂ ಬಚ್ಚಿಡಲಿಲ್ಲ, ಶಿಷ್ಯನಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಆದರೂ ದಾಟಿದ್ದು ಗಿಟಾರು ಮಾಡುವ ವಿದ್ಯೆಯಲ್ಲ, ಅದು ದಾಟಲಾರದೆಂಬ ಒಂದು ನೆನಪು. ನನ್ನ ತರಗತಿಗಳಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದ ಕೆಲವು ಹುಡುಗರ ಮುಖಗಳು ಆಗ ಎದುರಿಗೆ ಬಂದವು. ಅವರ ಟಿಪ್ಪಣಿ ಪುಸ್ತಕಗಳಲ್ಲಿ ನಾನು ಹೇಳಿದ್ದೆಲ್ಲ ಇದ್ದಿರಬೇಕು.

ತೋರೆಸನು 1892ರ ನವೆಂಬರ್ 19ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಅಲ್ಮೇರಿಯಾದಲ್ಲಿ ಕೊನೆಯುಸಿರೆಳೆದನು. ತಾರೆಗ ಇನ್ನೂ ಹದಿನೇಳು ವರ್ಷ ಬದುಕಿ 1909ರಲ್ಲಿ ಹೋದನು. ರಟ್ಟಿನ ಗಿಟಾರು ಈಗ ನುಡಿಸುವ ಸ್ಥಿತಿಯಲ್ಲಿ ಉಳಿದಿಲ್ಲ, ನೋಡಬಹುದು ಅಷ್ಟೆ.

ನಮ್ಮ ಅತ್ತೆಯವರ ವೀಣೆ ನನ್ನ ತಂಗಿಯ ಮಗಳ ಮನೆಯಲ್ಲಿದೆ. ಮೇಳ ಸಡಿಲಿ ಎಷ್ಟೋ ಕಾಲವಾಯಿತು. ಕಟ್ಟಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಅವಳು ಹೋದ ತಿಂಗಳು ಕಾಗದ ಬರೆದು ಕೇಳಿದ್ದಳು, ವಿಚಾರಿಸುತ್ತಿದ್ದೇನೆ.